ಕೊಟ್ಟಿಗೆ ಪ್ರಶ್ನೋತ್ತರ: ಹೊಟ್ಟೆಯಲ್ಲಿ ಹುಳು, ಕ್ಯಾನಿನಲ್ಲಿ ಹಾಲು ಕಡಿಮೆ

ಮಳೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜಂತುಹುಳುವಿನ ಬಗ್ಗೆಯೇ ಇವೆ. ಬೆಂಗಳೂರಿನ ಸುತ್ತಮುತ್ತ ಹಸು ಸಾಕುವವರೇ ಹೆಚ್ಚಾಗಿ ಬರೆದಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದೊಂದೇ ವಿಷಯ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಹಸು, ಎರಡನೇ ಸೂಲು. ಕರು ಹಾಕಿ ಮೂರೂವರೆ ತಿಂಗಳಾಯಿತು. ದಿನಕ್ಕೆ 12 ಲೀಟರ್ ಕೊಡುತ್ತಿದ್ದದ್ದು ಒಂದು ತಿಂಗಳಲ್ಲಿ ಒಂಬತ್ತೂವರೆಗೆ ಇಳಿದಿದೆ. ಜ್ವರ ಇಲ್ಲ. ಹಿಂಡಿ ತಿನ್ನುತ್ತೆ, ಹುಲ್ಲು ಅರ್ಧ ಬಿಡುತ್ತೆ. ಸಗಣಿ ಸ್ವಲ್ಪ ತೆಳ್ಳಗಿದೆ. ಫ್ಯಾಟ್ ಕೂಡ ಕಡಿಮೆ ಬರ್ತಿದೆ ಅಂತ ಡೈರಿಯಲ್ಲಿ ಹೇಳ್ತಾರೆ. ನಾಲ್ಕು ತಿಂಗಳ ಹಿಂದೆ ಅಂಗಡಿಯಿಂದ ಹುಳದ ಮಾತ್ರೆ ತಂದು ಹಾಕಿದ್ದೆವು. ಮತ್ತೆ ಹಾಕೋಣವೇ?
— ಓದುಗರು, ಆನೇಕಲ್

ಉತ್ತರ: ಮಾತ್ರೆ ತರುವ ಮೊದಲು ಸಗಣಿ ಪರೀಕ್ಷೆ ಮಾಡಿಸಿಬಿಡಿ, ಅಮ್ಮ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹುಳು ಹಾಲನ್ನು ನೇರವಾಗಿ ಕದಿಯುವುದಿಲ್ಲ. ಮೊದಲು ಅದು ಕೆಡಿಸುವುದು ಹಸುವಿನ ಹಸಿವನ್ನು. ನಾಲ್ಕನೇ ಹೊಟ್ಟೆಯ ಒಳಪದರಕ್ಕೆ ದುಂಡುಹುಳುಗಳು ಗಾಯ ಮಾಡುತ್ತವೆ, ಅಲ್ಲಿಯ ಹುಳಿರಸ ಸರಿಯಾಗಿ ಸುರಿಯುವುದಿಲ್ಲ, ಹೊಟ್ಟೆ ನಿಧಾನವಾಗುತ್ತದೆ, ಹಸು ಹುಲ್ಲಿಗೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ. ನೀವು ಬರೆದ ‘ಹುಲ್ಲು ಅರ್ಧ ಬಿಡುತ್ತೆ’ ಅನ್ನುವುದು ಇದೇ ಇರಬಹುದು. ತಿಂದದ್ದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಗಾಯವಾದ ಕರುಳಿನಿಂದ ಪ್ರೋಟೀನ್ ಸೋರಿ ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಮತ್ತು ಹುಳುವಿನ ಜೊತೆ ಹೋರಾಡಲು ಮೈ ಇನ್ನಷ್ಟು ಪ್ರೋಟೀನ್ ಖರ್ಚು ಮಾಡುತ್ತದೆ. ಕೆಚ್ಚಲಿಗೆ ಹೋಗಬೇಕಾದದ್ದು ಹೀಗೆ ದಾರಿಯಲ್ಲೇ ಖರ್ಚಾಗುತ್ತದೆ. ನಮ್ಮ ಕಡೆಯ ಬಿಸಿಲು, ತೇವಕ್ಕೆ ಹೊಂದಿಕೊಂಡ ಹೀಮಾಂಕಸ್ ಎಂಬ ಹುಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಕ್ತವನ್ನೇ ಹೀರುತ್ತದೆ.

ಆದರೆ ಎಷ್ಟು ಹಾಲು ಹೋಗುತ್ತದೆ? ಇಲ್ಲಿ ತಪ್ಪು ಲೆಕ್ಕ ಜಾಸ್ತಿ. ಹೊರದೇಶಗಳಲ್ಲಿ, ಬಹುತೇಕ ಬಯಲಲ್ಲಿ ಮೇಯುವ ಹಸುಗಳಿಗೆ ಜಂತುನಾಶಕ ಕೊಟ್ಟು ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದಾರೆ. 1999ರಲ್ಲಿ ಬಂದ ಲೆಕ್ಕದ ಪ್ರಕಾರ ದಿನಕ್ಕೆ ಸುಮಾರು 0.63 ಕೆಜಿ ಹಾಲು ಹೆಚ್ಚಾಗಿತ್ತು. 2004ರಲ್ಲಿ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿದಾಗ ಅದು 0.35 ಕೆಜಿಗೆ ಇಳಿಯಿತು. ಅಂದರೆ ಮೇಲ್ನೋಟಕ್ಕೆ ಚೆನ್ನಾಗಿರುವ ಹಸುವಿನಲ್ಲಿ ಹೊಟ್ಟೆಹುಳು ತಿನ್ನುವುದು ಅರ್ಧ ಲೀಟರಿನ ಆಸುಪಾಸು. ಸಣ್ಣದು ಅನ್ನಿಸಬಹುದು. ಲೀಟರಿಗೆ 35 ರೂಪಾಯಿ ಅಂತ ಹಿಡಿದು 300 ದಿನದ ಲೆಕ್ಕ ಹಾಕಿ ನೋಡಿ, ಒಂದು ಹಸುವಿಗೆ ಐದು ಸಾವಿರದ ಮೇಲೆ ಆಗುತ್ತದೆ.

ನಿಮ್ಮ ಹಸು ಇಳಿಸಿರುವುದು ಎರಡೂವರೆ ಲೀಟರ್. ಕರು ಹಾಕಿ ಒಂದೂವರೆ, ಎರಡು ತಿಂಗಳಿಗೆ ಹಾಲು ತುದಿಗೆ ಏರುತ್ತದೆ, ಆಮೇಲೆ ತಿಂಗಳಿಗೆ ನೂರಕ್ಕೆ ಎಂಟು, ಹತ್ತರಷ್ಟು ತಾನಾಗಿಯೇ ಇಳಿಯುತ್ತದೆ. ಅದರಲ್ಲಿ ಒಂದು ಲೀಟರ್ ಹಾಗೆ ಹೋಯಿತು. ಹುಳುವಿದ್ದರೆ ಅರ್ಧ ಲೀಟರ್ ಅದಕ್ಕೆ. ಉಳಿದ ಒಂದು ಲೀಟರ್ ಎಲ್ಲಿ? ನನಗೆ ಮೊದಲು ಅನುಮಾನ ಬರುವುದು ಒಳಗೊಳಗೇ ಇರುವ ಕೆಚ್ಚಲು ಬಾವಿನ ಮೇಲೆ. ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಮೈಯಲ್ಲಿ ರಕ್ತ ಹೀರುವ ಉಣ್ಣೆ ಇದ್ದರೆ, ಅದರಿಂದ ಹರಡುವ ಥೈಲೇರಿಯಾ ಕಾಯಿಲೆಗೆ ರಕ್ತವನ್ನೂ ನೋಡಿಸಿ, ಕ್ರಾಸ್ ಹಸುಗಳಿಗೆ ಅದು ಬೇಗ ಹಿಡಿಯುತ್ತದೆ. ಎಲ್ಲದಕ್ಕೂ ಹುಳದ ಮಾತ್ರೆಯೇ ಮದ್ದು ಅಂತ ನಂಬಿಕೊಂಡು ಕೂತರೆ ನಿಜವಾದ ಕಾಯಿಲೆಗೆ ಒಂದು ತಿಂಗಳು ಬಿಟ್ಟುಕೊಟ್ಟ ಹಾಗೆ.

ಸಗಣಿ ಹೇಗೆ ಒಯ್ಯಬೇಕು ಅಂದರೆ, ನೆಲದ ಮೇಲೆ ಬಿದ್ದದ್ದು ಬೇಡ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹಸು ಹಾಕುತ್ತಿರುವಾಗಲೇ ಹಿಡಿಯಿರಿ. ಒಂದು ದೊಡ್ಡ ನೆಲ್ಲಿಕಾಯಿಯಷ್ಟು ಸಾಕು. ಚಿಕ್ಕ ಡಬ್ಬಿಗೆ ತುಂಬಿ, ಮುಚ್ಚಿ, ಹಸುವಿನ ಗುರುತು ಬರೆದು, ನೆರಳಲ್ಲಿಟ್ಟು ಅದೇ ದಿನ ತಲುಪಿಸಿ. ಬಿಸಿಲಿಗೆ ಸಿಕ್ಕರೆ ಮೊಟ್ಟೆ ಒಡೆದು ಮರಿ ಆಚೆ ಬಂದು ಲೆಕ್ಕ ಕೆಡುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ಕೊಡಬಹುದು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೂ ಒಯ್ಯಬಹುದು. ಕೊಡುವಾಗ ‘ದುಂಡುಹುಳು, ಫ್ಲೂಕ್ ಎರಡೂ ನೋಡಿ’ ಅಂತ ಬಾಯಿಬಿಟ್ಟು ಹೇಳಿ. ಫ್ಲೂಕ್ ಅಂದರೆ ಲಿವರಿಗೆ ಸೇರುವ ಚಪ್ಪಟೆ ಹುಳು. ದುಂಡುಹುಳುವಿನ ಮೊಟ್ಟೆ ಉಪ್ಪುನೀರಲ್ಲಿ ತೇಲುತ್ತದೆ, ಫ್ಲೂಕ್ ಮೊಟ್ಟೆ ಭಾರ, ತಳಕ್ಕೆ ಇಳಿಯುತ್ತದೆ. ಒಂದನ್ನು ಹುಡುಕುವ ರೀತಿಯಲ್ಲಿ ಇನ್ನೊಂದು ಸಿಗುವುದಿಲ್ಲ.

ಪ್ರಶ್ನೆ: ವರ್ತೂರು ಕಡೆ ಆರು ಹಸು ಇಟ್ಟುಕೊಂಡಿದ್ದೇವೆ. ಹುಲ್ಲು ಕೊಳ್ಳುವಷ್ಟು ಶಕ್ತಿ ಇಲ್ಲ, ಕೆರೆ ಅಂಚಿನಿಂದ ಕೊಯ್ದು ತರ್ತೀವಿ. ಒಂದು ಹಸುವಿಗೆ ಗಲ್ಲದ ಕೆಳಗೆ ಚೀಲದ ಹಾಗೆ ಊದಿದೆ, ಒತ್ತಿದರೆ ಗುಳಿ ಬೀಳುತ್ತೆ. ಇನ್ನೆರಡು ಹಸು ಬಡಕಲಾಗಿವೆ. ಏನ್ ಮಾಡೋದು ಸಾರ್?
— ಹಾಲು ಮಾರುವವರು, ವರ್ತೂರು ಹೋಬಳಿ

ಉತ್ತರ: ಈ ಪತ್ರಕ್ಕೆ ಅಂಚೆಯಲ್ಲಿ ಆಗಲೇ ಉತ್ತರ ಹಾಕಿದ್ದೇನೆ, ಯಾಕೆಂದರೆ ಕಾಯುವ ವಿಷಯ ಇದಲ್ಲ. ಗಲ್ಲದ ಕೆಳಗೆ ಒತ್ತಿದರೆ ಗುಳಿ ಬೀಳುವ ಊತ ಅಂದರೆ ರಕ್ತದಲ್ಲಿ ಪ್ರೋಟೀನ್ ತೀರಾ ಇಳಿದಿದೆ ಅಂತ ಅರ್ಥ. ಕೆರೆ ಹುಲ್ಲು ತಿನ್ನುವ ಹಸುವಿನಲ್ಲಿ ನಾನು ಮೊದಲು ಯೋಚಿಸುವುದು ಲಿವರ್ ಫ್ಲೂಕ್. ನಮ್ಮ ಕಡೆ ಸಿಗುವುದು ಫ್ಯಾಸಿಯೋಲ ಜೈಗಾಂಟಿಕಾ, ಎಲೆಯ ಹಾಗೆ ಚಪ್ಪಟೆ ಇರುತ್ತದೆ, ಪಿತ್ತನಾಳದಲ್ಲಿ ಮನೆ ಮಾಡುತ್ತದೆ.

ಇದರ ದಾರಿ ಗೊತ್ತಾದರೆ ತಡೆಯುವುದು ಸುಲಭ. ಹಸುವಿನ ಸಗಣಿಯಿಂದ ಮೊಟ್ಟೆ ನೀರಿಗೆ ಬೀಳುತ್ತದೆ. ಒಡೆದು ಮರಿ ಆಚೆ ಬಂದು ಕೆರೆಯ ಬಸವನಹುಳುವಿನೊಳಗೆ ಹೋಗುತ್ತದೆ. ಅಲ್ಲಿ ಒಂದು ನೂರಾರಾಗುತ್ತದೆ. ತಿಂಗಳೆರಡು ತಿಂಗಳಲ್ಲಿ ಆಚೆ ಬಂದು ನೀರಿನ ಮಟ್ಟದಲ್ಲಿರುವ ಹುಲ್ಲಿನ ಬುಡಕ್ಕೆ ಅಂಟಿಕೊಂಡು ಕೋಶ ಕಟ್ಟಿಕೊಂಡು ಕಾಯುತ್ತದೆ. ಆ ಹುಲ್ಲನ್ನು ನೀವು ಕುಡುಗೋಲಲ್ಲಿ ಕೊಯ್ದು ಹೊರೆ ಕಟ್ಟಿ ಕೊಟ್ಟಿಗೆಗೆ ತರುತ್ತೀರಿ. ಹಸು ಕೆರೆಗೆ ಕಾಲಿಡದಿದ್ದರೂ ಫ್ಲೂಕ್ ಬರುವುದು ಹೀಗೇ. ಹೊಟ್ಟೆ ಸೇರಿದ ಮರಿ ಕರುಳು ತೂರಿ ಲಿವರಿನೊಳಗೆ ಕೊರೆಯುತ್ತಾ ಓಡಾಡುತ್ತದೆ, ಮೊಟ್ಟೆ ಇಡಲು ಶುರುಮಾಡುವುದಕ್ಕೆ ಮೂರು, ನಾಲ್ಕು ತಿಂಗಳು ಬೇಕು. ಅಷ್ಟು ದಿನ ಸಗಣಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಹಾಲು ಮಾತ್ರ ಇಳಿಯುತ್ತಿರುತ್ತದೆ. ಹಾಗಾಗಿ ರಿಪೋರ್ಟ್ ಖಾಲಿ ಬಂದರೂ ಕೆರೆ ಹುಲ್ಲಿನ ವಿಷಯ ಡಾಕ್ಟರಿಗೆ ಹೇಳಲೇಬೇಕು.

ಕೆರೆ ಹುಲ್ಲು ಪೂರ್ತಿ ಬಿಡಿ ಅಂತ ಹೇಳುವುದು ಸುಲಭ, ಆರು ಹಸು ಕಟ್ಟಿಕೊಂಡವರಿಗೆ ಅದು ಆಗುವ ಮಾತಲ್ಲ ಅಂತ ಗೊತ್ತು. ಆದರೆ ಇಷ್ಟು ಮಾಡಿ. ನೀರಿಗೆ ತಾಗಿದ ಬುಡ ಬಿಟ್ಟು ಮೇಲಿನ ಭಾಗ ಮಾತ್ರ ಕೊಯ್ಯಿರಿ. ತಂದ ಕೂಡಲೇ ಹಾಕಬೇಡಿ, ತೆಳುವಾಗಿ ಹರಡಿ ಮೂರು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿ. ಒಣಗಿದರೆ ಕೋಶದೊಳಗಿನ ಮರಿ ಸಾಯುತ್ತದೆ. ಮಳೆಯ ದಿನಗಳಲ್ಲಿ ಒಣಗುವುದಿಲ್ಲ, ಆಗ ರಾಗಿ ಹುಲ್ಲನ್ನೇ ಮುಂದೆ ಮಾಡಿ. ಸಗಣಿ ತೊಳೆದ ನೀರು ಕೆರೆಗೆ ಹರಿಯದ ಹಾಗೆ ಗುಂಡಿಗೆ ತಿರುಗಿಸಿ, ಇದು ಅಕ್ಕಪಕ್ಕದವರೂ ಸೇರಿ ಮಾಡಬೇಕಾದ ಕೆಲಸ. ಕೊಳಚೆ ಸೇರುವ ಕೆರೆಯ ಹುಲ್ಲಿನಲ್ಲಿ ಭಾರಲೋಹಗಳ ತೊಂದರೆ ಬೇರೆ ಇದೆ, ಅದಕ್ಕೆ ಎಷ್ಟು ಒಣಗಿಸಿದರೂ ಉಪಯೋಗವಿಲ್ಲ. ಕೈಲಾದಷ್ಟು ಬೇಗ ಆ ಹುಲ್ಲು ಕಡಿಮೆ ಮಾಡಿ, ಒಂದು ಗುಂಟೆಯಲ್ಲಾದರೂ ನೇಪಿಯರ್ ಮೇವಿನ ಹುಲ್ಲು ಹಾಕಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಔಷಧಿ ವಿಷಯದಲ್ಲಿ ಒಂದು ಮಾತು. ಆಕ್ಸಿಕ್ಲೋಜನೈಡ್ ದೊಡ್ಡ ಫ್ಲೂಕ್‌ಗಳನ್ನು ಮಾತ್ರ ಕೊಲ್ಲುತ್ತದೆ. ಮರಿಗಳನ್ನೂ ಕೊಲ್ಲುವುದು ಟ್ರೈಕ್ಲಾಬೆಂಡಜೋಲ್, ಅದನ್ನು ಹಾಲು ಬತ್ತಿಸಿದ ಸಮಯದಲ್ಲಿ ಕೊಡಿಸಬೇಕು. ಐವರ್ಮೆಕ್ಟಿನ್ ಫ್ಲೂಕ್‌ಗೆ ಕೆಲಸ ಮಾಡುವುದೇ ಇಲ್ಲ. ಯಾವ ಹಸುವಿಗೆ ಯಾವುದು ಅಂತ ನೋಡಿದ ಡಾಕ್ಟರೇ ಹೇಳಲಿ. ಬರಲು ಯಾರೂ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುತ್ತದೆ.

ಪ್ರಶ್ನೆ: ನಮ್ಮಲ್ಲಿ ಎರಡು ಹಳ್ಳಿಕಾರ್, ಒಂದು ಜೆರ್ಸಿ ಕ್ರಾಸ್, ಒಂದು ಎಚ್‌ಎಫ್ ಕ್ರಾಸ್ ಇವೆ. ನಾಟಿ ಹಸುವಿಗೆ ಹುಳು ಆಗಲ್ಲ, ಔಷಧಿ ದಂಡ ಅಂತಾರೆ ನಮ್ಮ ದೊಡ್ಡಪ್ಪ. ನಿಜವೇ?
— ಯುವ ರೈತ, ಮಾಗಡಿ ರಸ್ತೆ

ಉತ್ತರ: ದೊಡ್ಡಪ್ಪ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ, ಪೂರ್ತಿ ಇಲ್ಲ. ನಾಟಿ ತಳಿಗಳಿಗೆ ಉಣ್ಣೆ ಕಡಿಮೆ ಹತ್ತುತ್ತದೆ, ಅದು ಗಟ್ಟಿ ಮಾತು. ಹೊಟ್ಟೆಹುಳು ಅವಕ್ಕೂ ಬರುತ್ತದೆ. ಬಂದರೂ ತಡೆದುಕೊಳ್ಳುತ್ತವೆ, ಅಷ್ಟೇ ವ್ಯತ್ಯಾಸ. ಹಳ್ಳಿಕಾರ್ ಉಳುಮೆಗೆ, ಗಾಡಿಗೆ ಬೆಳೆದು ಬಂದ ತಳಿ. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ಹಸುವಿಗೆ ಮೈಯಲ್ಲಿ ಉಳಿತಾಯ ಇರುತ್ತದೆ, ಹುಳು ಒಂದಷ್ಟು ತಿಂದರೂ ಹಾಲಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಎಚ್‌ಎಫ್ ಕ್ರಾಸ್ ತಿಂದದ್ದೆಲ್ಲ ಕೆಚ್ಚಲಿಗೆ ಕಳಿಸುವ ಹಸು. ಕರು ಹಾಕಿದ ಹೊಸದರಲ್ಲಂತೂ ತಿನ್ನುವುದಕ್ಕಿಂತ ಕೊಡುವುದೇ ಜಾಸ್ತಿ, ಮೈ ಕರಗಿಸಿ ಹಾಲು ಮಾಡುತ್ತದೆ. ಅದೇ ಹೊತ್ತಿಗೆ ಹುಳುವನ್ನು ಹತ್ತಿಕ್ಕುವ ಶಕ್ತಿಯೂ ಕಮ್ಮಿಯಾಗಿರುತ್ತದೆ. ಆಗ ಹಸಿವು ಕೆಟ್ಟರೆ ಹಾಲು ತುದಿಗೆ ಏರುವುದೇ ಇಲ್ಲ. ತುದಿಯಲ್ಲಿ ಒಂದು ಲೀಟರ್ ತಪ್ಪಿದರೆ ಇಡೀ ಸೂಲಿನಲ್ಲಿ ಸುಮಾರು 200 ಲೀಟರ್ ತಪ್ಪುತ್ತದೆ ಅನ್ನುವುದು ಹೈನುಗಾರಿಕೆಯಲ್ಲಿ ಎಲ್ಲರೂ ಹಿಡಿಯುವ ಅಂದಾಜು. ಜೆರ್ಸಿ ಕ್ರಾಸ್‌ಗೂ ಇದೇ ಮಾತು ಅನ್ವಯ.

ಆದರೆ ತಳಿ ನೋಡಿ ಔಷಧಿ ಬಿಡುವುದು ಸರಿಯಲ್ಲ. ನಿಮ್ಮ ಹಳ್ಳಿಕಾರ್ ಬಯಲಲ್ಲಿ ಮೇಯುತ್ತವೆ, ಕೆರೆ ಕುಂಟೆಯಲ್ಲಿ ನೀರು ಕುಡಿಯುತ್ತವೆ ಅಲ್ವಾ? ಹುಳುವಿನ ಬಾಯಿಗೆ ಹೆಚ್ಚು ಸಿಗುವುದು ಅವೇ. ಕ್ರಾಸ್ ಹಸುಗಳು ಕಟ್ಟಿದಲ್ಲೇ ಇರುತ್ತವೆ. ಫ್ಲೂಕ್ ಬಂದರಂತೂ ಯಾವ ತಳಿಗೂ ರಿಯಾಯಿತಿ ಇಲ್ಲ. ಇನ್ನೊಂದು ವಿಷಯ, ಒಂದೇ ತಳಿಯಲ್ಲೂ ಹಸುವಿನಿಂದ ಹಸುವಿಗೆ ತುಂಬಾ ವ್ಯತ್ಯಾಸ ಇರುತ್ತದೆ. ಕೊಟ್ಟಿಗೆಯಲ್ಲಿ ಬೀಳುವ ಬಹುಪಾಲು ಮೊಟ್ಟೆ ಒಂದೆರಡು ಹಸುವಿನಿಂದಲೇ ಬಂದಿರುತ್ತದೆ. ನಾಲ್ಕೂ ಹಸುವಿನ ಸಗಣಿ ಬೇರೆ ಬೇರೆ ಡಬ್ಬಿಯಲ್ಲಿ ಕೊಟ್ಟು ನೋಡಿ, ಯಾರು ಹಂಚುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಆ ರಿಪೋರ್ಟ್ ದೊಡ್ಡಪ್ಪನಿಗೂ ತೋರಿಸಿ.

ಪ್ರಶ್ನೆ: ನಮ್ಮ ಹಸುಗಳು ಶೆಡ್ ಬಿಟ್ಟು ಆಚೆ ಹೋಗುವುದೇ ಇಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಔಷಧಿ ಬೇಕೇ?
— ಓದುಗರು, ಯಲಹಂಕ

ಉತ್ತರ: ಒಣ ಮೇವು, ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿರು ಮೇವು) ಮಾತ್ರ ತಿನ್ನುವ ದೊಡ್ಡ ಹಸುವಿಗೆ ಕ್ಯಾಲೆಂಡರ್ ನೋಡಿ ಮೂರು ತಿಂಗಳಿಗೊಮ್ಮೆ ಬೇಕಿಲ್ಲ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ, ಸಗಣಿ ನೋಡಿಸಿ ಬೇಕಿದ್ದರೆ ಕೊಡಿ. ಹಸಿ ಸಗಣಿಯನ್ನೇ ನೇಪಿಯರ್ ಬುಡಕ್ಕೆ ಸುರಿದು, ಮುಂಜಾನೆ ಇಬ್ಬನಿ ಇರುವಾಗಲೇ ಕೊಯ್ದು ಹಾಕುವ ಅಭ್ಯಾಸ ಇದ್ದರೆ ಲೆಕ್ಕ ಬೇರೆ. ಬೆಚ್ಚಗೆ, ತೇವ ಇದ್ದರೆ ಒಂದು ವಾರದಲ್ಲಿ ಮರಿಗಳು ತಯಾರಾಗಿ ಒದ್ದೆ ಹುಲ್ಲು ಹತ್ತುತ್ತವೆ. ಸಗಣಿಯನ್ನು ಗುಂಡಿಯಲ್ಲಿ ಕಾವು ಬರುವ ಹಾಗೆ ಕೊಳೆಸಿ ಹಾಕಿ, ಬಿಸಿಲು ಬಂದ ಮೇಲೆ ಕೊಯ್ಯಿರಿ.

ಪ್ರಶ್ನೆ: ನಾವು ಜಯನಗರದಲ್ಲಿ ಇರುವುದು. ಪಕ್ಕದ ಬೀದಿಯಲ್ಲಿ ಹಸು ಸಾಕಿದವರ ಹತ್ತಿರ ಹಾಲು ತರುತ್ತೇವೆ. ಹಸುವಿನ ಹುಳು ಹಾಲಿನಲ್ಲಿ ಮಕ್ಕಳಿಗೆ ಬರುತ್ತದೆಯೇ?
— ತಾಯಿ, ಜಯನಗರ

ಉತ್ತರ: ಹಾಲು ಉಕ್ಕುವ ಹಾಗೆ ಕಾಯಿಸಿ ಕುಡಿದರೆ ಹುಳುವಿನ ಭಯ ಬೇಡ. ನನಗೆ ಕಾಳಜಿ ಇರುವುದು ಔಷಧಿಯ ಅಂಶದ ಬಗ್ಗೆ, ಅದು ಕಾಯಿಸಿದರೆ ಹೋಗುವುದಿಲ್ಲ. ಆಲ್ಬೆಂಡಜೋಲ್ ಎಂಬ ಹುಳದ ಔಷಧಿ ಕೊಟ್ಟ ಹಸುವಿನ ಹಾಲನ್ನು ಸಾಮಾನ್ಯವಾಗಿ ಮೂರು ದಿನ ಬಳಸಬಾರದು. ಐವರ್ಮೆಕ್ಟಿನ್ ಇಂಜೆಕ್ಷನ್ ಹಾಲು ಕೊಡುವ ಹಸುವಿಗೆ ಬೇಡ. ಆದರೂ ಉಣ್ಣೆಗೆ ಅಂತ ಸುಮ್ನೆ ಚುಚ್ಚಿಸುವವರಿದ್ದಾರೆ. ಅದು ಒಳ್ಳೆಯ ಔಷಧಿ, ಅದನ್ನು ಕಂಡುಹಿಡಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಹಾಲಿನಲ್ಲಿ ಬಹಳ ದಿನ ಇಳಿಯುತ್ತಿರುತ್ತದೆ. ಹಾಲು ಕೊಡುವವರನ್ನು ‘ಈಚೆಗೆ ಔಷಧಿ ಹಾಕಿಸಿದ್ದೀರಾ, ಎಷ್ಟು ದಿನ ಹಾಲು ಬಿಡಬೇಕು ಅಂದರು’ ಅಂತ ಸಲುಗೆಯಿಂದಲೇ ಕೇಳಿ. ಕೇಳುವವರಿದ್ದರೆ ಅವರೂ ಲೇಬಲ್ ಓದುತ್ತಾರೆ.

ಪ್ರಶ್ನೆ: ಎಮ್ಮೆ ಕರು ಹುಟ್ಟಿ ಮೂರು ವಾರ. ಹೊಟ್ಟೆ ಉಬ್ಬರ, ಮೈ ಒರಟು, ಬೂದು ಬಣ್ಣದ ನಾರುವ ಬೇಧಿ. ಹಾಲು ಬಿಟ್ಟು ಬೇರೇನೂ ತಿಂದಿಲ್ಲ, ಹುಳು ಹೇಗೆ ಬಂತು?
— ಓದುಗರು, ದೊಡ್ಡಬಳ್ಳಾಪುರ

ಉತ್ತರ: ತಾಯಿಯ ಹಾಲಿನಿಂದಲೇ ಬಂದಿರಬಹುದು. ಟಾಕ್ಸೋಕ್ಯಾರ ವಿಟುಲೋರಮ್ ಎಂಬ ದುಂಡುಹುಳುವಿನ ಮರಿ ತಾಯಿಯ ಮೈಯಲ್ಲಿ ಸುಮ್ಮನೆ ಅಡಗಿರುತ್ತದೆ. ಕರು ಹಾಕಿದ ಮೇಲೆ ಗಿಣ್ಣುಹಾಲಿನಲ್ಲಿ, ಮೊದಲ ವಾರಗಳ ಹಾಲಿನಲ್ಲಿ ಇಳಿದು ಕರುವಿನ ಕರುಳಿಗೆ ಸೇರುತ್ತದೆ. ಒಂದಡಿಯವರೆಗೂ ಉದ್ದ ಬೆಳೆಯುತ್ತದೆ, ಕರುಳು ಕಟ್ಟಿ ಕರು ಸತ್ತದ್ದೂ ಉಂಟು. ಹಾಗಂತ ಗಿಣ್ಣು ತಪ್ಪಿಸಬೇಡಿ, ಅದಿಲ್ಲದೆ ಕರು ಉಳಿಯುವುದಿಲ್ಲ. ಹುಟ್ಟಿದ 10ರಿಂದ 15 ದಿನದೊಳಗೆ ಮೊದಲ ಔಷಧಿ ಬೀಳಬೇಕು. ಪೈಪರಜಿನ್ ಹಳೆಯದಾದರೂ ಇದಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ. ನಿಮ್ಮ ಕರುವನ್ನು ಇವತ್ತೇ ತೋರಿಸಿ, ಬೇಧಿಯಲ್ಲಿ ನೀರು ಕಳೆದುಕೊಂಡಿದ್ದರೆ ಅದಕ್ಕೂ ಚಿಕಿತ್ಸೆ ಬೇಕು.

ಹಾಲಿನ ಲೆಕ್ಕದಲ್ಲಿ ಕರುವನ್ನು ಯಾರೂ ಸೇರಿಸುವುದಿಲ್ಲ, ಇದು ನನಗೆ ಬೇಸರದ ವಿಷಯ. ಹುಳು ಅತಿ ಹೆಚ್ಚು ಕಾಡುವುದು ಕರು, ಪಡ್ಡೆಗಳನ್ನೇ. ಹುಳು ತುಂಬಿದ ಹೆಣ್ಣುಗರು ಬೆಳೆಯುವುದಿಲ್ಲ, ತಡವಾಗಿ ಬೆದೆಗೆ ಬರುತ್ತದೆ, ಮೊದಲ ಸೂಲೇ ಹಿಂದೆ ಬೀಳುತ್ತದೆ. ಆರು ತಿಂಗಳು ತಡವಾದರೆ ಆರು ತಿಂಗಳ ಮೇವು ಪೂರ್ತಿ ಕೈಯಿಂದ.

ಪ್ರಶ್ನೆ: ಬೇವು, ಬೆಳ್ಳುಳ್ಳಿ, ಹಾಗಲಕಾಯಿ ಅರೆದು ಬೆಲ್ಲದ ಜೊತೆ ಕೊಟ್ಟರೆ ಹುಳು ಹೋಗುತ್ತದೆಯೇ?
— ಓದುಗರು, ಹೆಸರಘಟ್ಟ

ಉತ್ತರ: ಇದು ಮನೆಮದ್ದಿನಲ್ಲಿ ಬಹಳ ಕಾಲದಿಂದ ಇದೆ. ಕೊಡಬೇಡಿ ಅನ್ನುವುದಿಲ್ಲ. ಕೊಟ್ಟ ಎರಡು ವಾರಕ್ಕೆ ಸಗಣಿ ನೋಡಿಸಿ, ಮೊಟ್ಟೆ ಇಳಿದಿದ್ದರೆ ಮುಂದುವರಿಸಿ. ಗಲ್ಲ ಊದಿದ ಹಸುವಿಗೆ, ರಕ್ತ ಬತ್ತಿ ಕಣ್ಣಿನ ಒಳಪದರ ಬೆಳ್ಳಗಾದ ಹಸುವಿಗೆ ಇದನ್ನು ನಂಬಿ ಕೂರಬೇಡಿ.

ಪ್ರಶ್ನೆ: ಒಂದು ವರ್ಷದಲ್ಲಿ ಮೂರು ಕಂಪನಿಯ ಔಷಧಿ ಬದಲಿಸಿದೆವು. ಹಾಲು ಏರಲಿಲ್ಲ, ಸಗಣಿಯಲ್ಲಿ ಮೊಟ್ಟೆ ಇನ್ನೂ ಇದೆ. ಔಷಧಿಯೇ ಕಳಪೆಯಾ?
— ಡೈರಿ ಸದಸ್ಯರು, ದೇವನಹಳ್ಳಿ

ಉತ್ತರ: ನೀವು ಕಳಿಸಿದ ಮೂರು ಲೇಬಲ್ ನೋಡಿದೆ. ಹೆಸರು ಮೂರು, ಒಳಗಿರುವುದು ಮೂರರಲ್ಲೂ ಆಲ್ಬೆಂಡಜೋಲ್. ಫೆನ್‌ಬೆಂಡಜೋಲಿಗೆ ಬದಲಿಸಿದರೂ ಅದು ಅದೇ ಗುಂಪಿನದು. ಲೆವಮಿಸೋಲ್ ಬೇರೆ ಗುಂಪು. ಒಂದೇ ಗುಂಪಿನ ಔಷಧಿ ಮತ್ತೆ ಮತ್ತೆ, ಅದೂ ಕಡಿಮೆ ಪ್ರಮಾಣದಲ್ಲಿ ಬಿದ್ದರೆ ಗಟ್ಟಿ ಹುಳು ಮಾತ್ರ ಉಳಿದು ಮರಿ ಹಾಕುತ್ತದೆ. ಕುರಿ, ಮೇಕೆಗಳಲ್ಲಿ ಇದು ದಕ್ಷಿಣ ಭಾರತದಲ್ಲಿ ಆಗಲೇ ದೊಡ್ಡ ತಲೆನೋವು. ಹಸು, ಮೇಕೆ ಒಂದೇ ಜಾಗದಲ್ಲಿ ಮೇಯಿಸುವವರು ಗಮನಿಸಿ.

ಮೊದಲು ತೂಕ ಸರಿಯಾಗಿ ಅಂದಾಜು ಮಾಡಿ. ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ, ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 68, ಉದ್ದ 58 ಇದ್ದರೆ ಸುಮಾರು 406 ಕೆಜಿ. ಕಣ್ಣಂದಾಜಿನಲ್ಲಿ ಇದೇ ಹಸುವನ್ನು 300 ಅಂತ ಹೇಳುವವರೇ ಜಾಸ್ತಿ, ಅಲ್ಲೇ ಕಾಲುಭಾಗ ಔಷಧಿ ತಪ್ಪಿತು.

ಕುಡಿಸುವಾಗಲೂ ಅರ್ಧ ಚೆಲ್ಲುತ್ತದೆ. ಗೊಟ್ಟ ಹಾಕುವವರು ನಾಲಿಗೆ ಎಳೆದು ಹಿಡಿಯಬಾರದು, ತಲೆಯನ್ನು ಆಕಾಶಕ್ಕೆ ಎತ್ತಬಾರದು, ಔಷಧಿ ಶ್ವಾಸಕೋಶಕ್ಕೆ ಇಳಿದು ಹಸು ಹೋಗಿಬಿಡುತ್ತದೆ. ಮೂತಿ ನೆಲಕ್ಕೆ ಸಮವಾಗಿರಲಿ, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಸುರಿಯಿರಿ, ನುಂಗಲು ಬಿಡಿ, ಕೆಮ್ಮಿದರೆ ತಕ್ಷಣ ತಲೆ ಬಿಡಿ. ಗಬ್ಬವಾದ ಮೊದಲ ಒಂದೂವರೆ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡವೇ ಬೇಡ, ಹೊಟ್ಟೆಯ ಕರುವಿಗೆ ತೊಂದರೆ.

ಈಗ ಹೀಗೆ ಮಾಡಿ. ಔಷಧಿ ಕೊಡುವ ದಿನ ಸಗಣಿ ಕೊಟ್ಟು ಮೊಟ್ಟೆಯ ಲೆಕ್ಕ ಬರೆಸಿಕೊಳ್ಳಿ. 14ನೇ ದಿನ ಅದೇ ಹಸುವಿನದು ಮತ್ತೆ ಕೊಡಿ. ಮೊಟ್ಟೆ ನೂರಕ್ಕೆ 95ರಷ್ಟಾದರೂ ಇಳಿದಿರಬೇಕು. ಇಳಿಯದಿದ್ದರೆ ಎರಡೂ ಚೀಟಿಯನ್ನು ಒಟ್ಟಿಗೆ ಡಾಕ್ಟರಿಗೆ ತೋರಿಸಿ, ಬೇರೆ ಗುಂಪಿನ ಔಷಧಿ ಬರೆಸಿಕೊಳ್ಳಿ. ಮೊಟ್ಟೆ ಪೂರ್ತಿ ಇಳಿದೂ ಹಾಲು ಏರದಿದ್ದರೆ ಹುಳುವಿನ ಮಾತು ಬಿಟ್ಟು ಕೆಚ್ಚಲು ಪರೀಕ್ಷೆ ಮಾಡಿಸಿ.